ಕಣ್ಣೆರಡು ಬಿಟ್ಟು

ಮುದ್ದಿಹಾಳದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಮಾತೇ ಇಲ್ಲ; ಮಾಸ್ತರರಿಗೆ ಒಪ್ಪಿಸುತ್ತಾರೆ. ತಲೆಗೆ ಎಣ್ಣೆ ತಟ್ಟಿ, ಹಣೆಗೆ ಕುಂಕುಮವಿಟ್ಟು, ಒಂದು ತೆಂಗಿನಕಾಯಿ, ಒಂದು ಹಿಡಿ ಸಕ್ಕರೆ ಹಿಡಿದು ಹೋಗಿ ಮಗುವನ್ನು ಮಾಸ್ತರರ ಕಾಲಿಗೆ ಬೀಳಿಸಬೇಕು. ಆಮೇಲೆ ಹೆತ್ತವರು ಒಂದು ಮಾತು ಹೇಳಬೇಕು: "ಕಣ್ಣೆರಡು ಬಿಟ್ಟು ಉಳಿದದ್ದೆಲ್ಲಾ ನಿಮ್ದ್ರಿ ಮಾಸ್ತರ." ಕಣ್ಣು ಹೋಗದಂತೆ ನೋಡಿಕೊಳ್ಳಿ, ಮಿಕ್ಕ ಮೈಗೆ ಎಷ್ಟು ಬಾರಿಸಿದರೂ ನಮ್ಮ ತಕರಾರಿಲ್ಲ ಎಂದು ಅದರ ಅರ್ಥ. ಅಜ್ಜ ಹೇಳಿದ, ಅಪ್ಪ ಹೇಳಿದ, ನಾವೂ ಹೇಳಿದೆವು. ಬಾಯಿಗೆ ಬಂದ ಮಾತನ್ನು ಯಾರು ಹಿಡಿದು ನಿಲ್ಲಿಸಿ ನೋಡುತ್ತಾರೆ?

ಯಮನವ್ವ ಮಾದರ ಈ ಮಾತನ್ನು ಎರಡು ಸಲ ಹತ್ತಿರದಿಂದ ಕೇಳಿದ್ದಾಳೆ. ಮೊದಲ ಸಲ ಹೇಳಿದ್ದು ಅವಳ ಅಪ್ಪ. ಅವಳಿಗೆ ಆಗ ಆರು ತುಂಬಿತ್ತೋ ಇಲ್ಲವೋ. ಅಪ್ಪ ಶಾಲೆಯ ಹೊಸ್ತಿಲ ಆಚೆಗೇ ನಿಂತು, ತೆಂಗಿನಕಾಯನ್ನು ಒಳಕ್ಕೆ ಉರುಳಿಸಿ, ಕೈಮುಗಿದು ಹೇಳಿದ್ದ. ಆ ಕಾಲಕ್ಕೆ ಮಾದರ ಓಣಿಯ ಹುಡುಗರು ಶಾಲೆಗೆ ಹೋದರೂ ಬಾಗಿಲ ಬಳಿ ಚಪ್ಪಲಿಗಳ ಜೊತೆ ಕೂರಬೇಕಿತ್ತು. ಆ ವರ್ಷವೇ ಊರಿಗೆ ಬಂದಿದ್ದ ಗುರುಸಿದ್ಧಪ್ಪ ಮಾಸ್ತರರು ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಅವರು ಎದ್ದು ಬಂದು ಯಮನವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂರಿಸಿದರು. ಅವಳ ಹಿಂದೆ ಗೌಡರ ಮಗ ಬಾಬು ಕೂತಿದ್ದ. ಸಂಜೆಗೆ ಊರಿನ ನಾಲ್ಕು ಹಿರಿಯರು ಕೇಳಲು ಬಂದಾಗ ಮಾಸ್ತರರು ಹೇಳಿದರಂತೆ: "ಗಿಡ್ಡ ಇದ್ದವ್ರು ಮುಂದ, ಉದ್ದ ಇದ್ದವ್ರು ಹಿಂದ. ಬ್ಯಾರೆ ಲೆಕ್ಕ ನನಗ ಬರಂಗಿಲ್ರಿ."

ಆ ಒಂದು ಮಾತಿಗಾಗಿ ಮಾದರ ಓಣಿಯವರು ಇವತ್ತಿಗೂ ಮಾಸ್ತರರ ನೆರಳು ಕಂಡರೆ ಎದ್ದು ನಿಲ್ಲುತ್ತಾರೆ. ಅವರು ಹೊಡೆಯುತ್ತಿರಲಿಲ್ಲವೇ? ಹೊಡೆಯುತ್ತಿದ್ದರು, ಚೆನ್ನಾಗಿಯೇ ಹೊಡೆಯುತ್ತಿದ್ದರು. ಗೌಡರ ಬಾಬುವಿಗೆ ಎಷ್ಟೋ ಯಮನವ್ವನಿಗೂ ಅಷ್ಟೇ. ಅಂಗೈ ಕೆಂಪಗಾಗಿ ಮನೆಗೆ ಬಂದ ದಿನ ಅವಳು ಅದನ್ನು ಓಣಿಯ ಹುಡುಗಿಯರಿಗೆಲ್ಲ ಬಿಚ್ಚಿ ತೋರಿಸಿದ್ದಳು. ಹಿಂದಿನ ಮಾಸ್ತರರು ಅವಳ ಜನರನ್ನು ಮುಟ್ಟಿ ಹೊಡೆಯಲು ಕೂಡ ಮನಸ್ಸು ಮಾಡುತ್ತಿರಲಿಲ್ಲ, ಕಲ್ಲು ಎಸೆಯುತ್ತಿದ್ದರು. ಕೈಯಿಂದ ಬಿದ್ದ ಏಟು ಅವಳಿಗೆ ಮರ್ಯಾದೆಯಾಗಿ ಕಂಡಿತ್ತು. ಹೀಗೆ ಏಳನೆಯ ಇಯತ್ತೆಯವರೆಗೆ ಓದಿದಳು, ಸೋದರಮಾವನ ಮಗ ಭೀಮಪ್ಪನನ್ನು ಮದುವೆಯಾಗಿ ಅದೇ ಓಣಿಯ ಮತ್ತೊಂದು ಮನೆಗೆ ಹೋದಳು. ಪಂಚಾಯ್ತಿಯ ಮೀಸಲು ಸ್ಥಾನಕ್ಕೆ ಓದು ಬಲ್ಲ ಹೆಂಗಸು ಬೇಕಾದಾಗ ಅವಳನ್ನೇ ಹುಡುಕಿಕೊಂಡು ಬಂದರು. ಭೀಮಪ್ಪ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುವಾಗ, "ಹೆಬ್ಬಟ್ಟು ಒತ್ತೂ ಮೆಂಬರ್ ಆಗಬ್ಯಾಡ, ಓದಿ ಸಹಿ ಮಾಡು" ಎಂದಷ್ಟೇ ಹೇಳಿ ಹೋದ. ಓದಲು ಕಲಿಸಿದವರು ಯಾರು? ಗುರುಸಿದ್ಧಪ್ಪ ಮಾಸ್ತರರು.

ಎರಡನೆಯ ಸಲ ಆ ಮಾತನ್ನು ಹೇಳಿದವಳು ಯಮನವ್ವನೇ. ಮಾಸ್ತರರು ನಿವೃತ್ತರಾಗಿ ತಮ್ಮ ಮನೆಯ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಸರಕಾರಿ ಶಾಲೆಗೆ ಬಂದ ಹೊಸ ಮಾಸ್ತರು ವಾರದಲ್ಲಿ ಒಮ್ಮೆ ಮುಖ ತೋರಿಸಿದರೆ ಅದೇ ಹಬ್ಬ. ಹಾಗಾಗಿ ಅವಳು ಮಗಳು ಸುರೇಖಾಳನ್ನು ಕಟ್ಟೆಗೆ ಕರೆದುಕೊಂಡು ಹೋದಳು. ಕಾಯಿ, ಸಕ್ಕರೆ, ಕಾಲಿಗೆ ಬೀಳಿಸುವುದು, ಎಲ್ಲ ಆಯಿತು. "ಕಣ್ಣೆರಡು ಬಿಟ್ಟು ಉಳಿದದ್ದೆಲ್ಲಾ ನಿಮ್ದ್ರಿ ಮಾಸ್ತರ" ಎಂದಳು. ಹೇಳುವಾಗ ಅವಳಿಗೆ ಎದೆ ತುಂಬಿ ಬಂದಿತ್ತು. ಅಪ್ಪ ಹೊಸ್ತಿಲಾಚೆ ನಿಂತು ಹೇಳಿದ್ದನ್ನು ತಾನು ಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದೇನೆ ಎಂಬ ಹೆಮ್ಮೆ ಅದು.

ಹೋದ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಸುರೇಖಾ ಎಡಗಿವಿ ಹಿಡಿದುಕೊಂಡು ಮನೆಗೆ ಬಂದಳು. ಲೆಕ್ಕ ತಪ್ಪಿತ್ತು, ಮಾಸ್ತರರು ಕೆನ್ನೆಗೆ ಒಂದು ಬಿಟ್ಟಿದ್ದರು, ಅದು ಕಿವಿಯ ಮೇಲೆ ಬಿದ್ದಿತ್ತು. ಯಮನವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ಕಿವಿ ಸೋರತೊಡಗಿತು. ಬಾಗಲಕೋಟೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ಕೇಳಿದರು: "ಕಿವಿ ತಮಟಿ ಹರದೈತಲ್ಲವಾ. ಯಾರು ಹೊಡದ್ರು?"

"ಯಾರೂ ಇಲ್ರಿ. ಹೊಳ್ಯಾಗ ಈಸಾಕ ಬಿದ್ದಿದ್ಳು, ನೀರು ಹೊಕ್ಕೈತಿ."

ಡಾಕ್ಟರು ನಂಬಲಿಲ್ಲ. ಊರು ಮಾತ್ರ ನಂಬಿತು, ಮಾಸ್ತರರೂ ನಂಬಿದರು. ಯಾಕೆ ಸುಳ್ಳು ಹೇಳಿದಳು? ಕೈಹಿಡಿದು ಮುಂದಿನ ಸಾಲಿಗೆ ಕರೆತಂದವರ ಮೇಲೆ ಬೆರಳು ಮಾಡಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಮಾದರ ಓಣಿಯವಳು ಗುರುವಿಗೇ ಕೊಡಲಿ ಹಾಕಿದಳು ಎಂದು ಊರು ಆಡಿಕೊಳ್ಳುವುದು ಬೇಕಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಉಳಿದದ್ದೆಲ್ಲ ನಿಮ್ಮದು ಎಂದು ಕೊಟ್ಟವಳು ತಾನೇ ಅಲ್ಲವೇ? ಕೊಟ್ಟ ಮೇಲೆ ಲೆಕ್ಕ ಕೇಳುವುದು ಹೇಗೆ? ಕಿವಿ ಒಣಗಿತು, ಕೇಳಿಸುವುದು ತಿರುಗಿ ಬರಲಿಲ್ಲ. ಆಡು ಕಾಯಲು ಮನೆಯಲ್ಲಿ ಯಾರೂ ಇಲ್ಲ ಎಂಬ ನೆಪ ಹೇಳಿ ಮಗಳನ್ನು ಕಟ್ಟೆಯಿಂದ ಬಿಡಿಸಿದಳು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಈ ಸಲದ ಗಾಂಧಿ ಜಯಂತಿಯ ಗ್ರಾಮಸಭೆಗೆ ಆ ಗೌಡರ ಬಾಬು, ಈಗಿನ ಬಾಬುಗೌಡ, ಒಂದು ಠರಾವು ಹೊಸೆದಿದ್ದ. ಅಧ್ಯಕ್ಷೆ ಅವನ ಹೆಂಡತಿ ಶಾರದವ್ವ. ಖುರ್ಚಿ ಅವಳದು, ಬಾಯಿ ಗಂಡನದು, ಇದು ಊರಿಗೆಲ್ಲ ಗೊತ್ತು. ಸಭೆಯ ಹಿಂದಿನ ಸಂಜೆ ಅವನು ಮಾದರ ಓಣಿಯ ಬಾಯಿಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಯಮನವ್ವನನ್ನು ಕರೆಸಿದ.

"ನೋಡವಾ ಯಮನವ್ವ, ಪಂಚಾಯ್ತಿ ಹೊಸಾ ಹಾಲ್ ಸುಮ್ನ ಕುಂತೈತಿ. ನಮ್ಮ ಮಾಸ್ತರನ್ನ ಅಲ್ಲಿ ಕುಂದರಸೂದು. ಊರಾಗಿನ ಎಲ್ಲಾ ಹುಡುಗ್ರು ಮುಂಜಾನೆ ಅಲ್ಲಿಗೆ ಬರಬೇಕು. ನಮ್ಮ ಊರು, ನಮ್ಮ ಪಂಚಾಯ್ತಿ, ನಮ್ಮ ಗುರು. ಆ ಸರಕಾರಿ ಮಾಸ್ತರ ಬಂದ್ರೆಷ್ಟು, ಬಿಟ್ರೆಷ್ಟು."

"ಚಲೋ ಆತ್ರಿ ಗೌಡ್ರ" ಎಂದಳು ಅವಳು. ಬೇರೆ ಏನು ಹೇಳುವುದು?

"ಅನುಮೋದಕರು ಅಂತ ನಿನ್ನ ಹೆಸರು ಬರಸೇನಿ."

"ನಂದ್ಯಾಕ್ರಿ? ಹಿರ್ಯಾರು ಬೇಕಾದಷ್ಟು ಮಂದಿ ಅದಾರ."

ಬಾಬುಗೌಡ ನಕ್ಕ. ಹಲ್ಲು ಕಾಣಿಸಿತು, ಕಣ್ಣು ನಗಲಿಲ್ಲ. "ಕೆಲವ್ರು ಗುಸುಗುಸು ಅಂತಾರ, ನಿನ್ನ ಮಗಳ ಕಿವಿ ಹೊಳಿ ನೀರಿನಿಂದ ಹೋಗಿದ್ದಲ್ಲ ಅಂತ. ನಿನ್ನ ಹೆಸರ ಇದ್ರ ಅವ್ರ ಬಾಯಿ ಮುಚ್ಚತೈತಿ. ಏಟು ಬೀಳದ ಕಲ್ಲು ಮೂರ್ತಿ ಆಗಂಗಿಲ್ಲ, ನಾನೂ ತಿಂದೀನಿ, ನೀನೂ ತಿಂದೀ. ಇಬ್ರೂ ಕೆಟ್ಟೇವೇನು?" ಹೊರಡುವವನಂತೆ ತಿರುಗಿ, ಮರೆತದ್ದು ಈಗ ನೆನಪಾಯಿತು ಎಂಬಂತೆ ಸೇರಿಸಿದ: "ಮಾಸ್ತರ ಠರಾವು ಮೊದಲ. ನಿಮ್ಮ ಓಣಿ ನೀರಿನ ಪೈಪು ಅದರ ಹಿಂದ. ಒಂದ್ ಮುಗದ್ರ ಇನ್ನೊಂದು, ಹೌದಿಲ್ಲೋ?"

ಓಣಿಯ ಹೆಂಗಸರು ಹೊಳೆಯಿಂದ ನೀರು ಹೊತ್ತು ಹೊತ್ತು ಸೊಂಟ ಮುರಿದುಕೊಂಡಿದ್ದರು. ಯಮನವ್ವನಿಗೆ ಓಟು ಹಾಕಿದ್ದೇ ಪೈಪಿಗಾಗಿ. ಪಕ್ಕದ ಮನೆಯ ಹುಲಿಗೆವ್ವ ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳ ಮೂರೂ ಮಕ್ಕಳು ಮಾಸ್ತರರ ಕಟ್ಟೆಗೆ ಹೋಗುತ್ತಿದ್ದವು.

"ನೋಡ ಮೆಂಬರವ್ವ" ಎಂದಳು ಹುಲಿಗೆವ್ವ, "ನಾಳೆ ಪೈಪು ಇಲ್ದ ಬಂದ್ಯೋ, ಈ ಕೊಡ ನಿನ್ನ ತಲಿ ಮ್ಯಾಲೆ ಒಡೀತೇನಿ. ಒಂದ್ ಹೆಸರು ಬರಸಾಕ ನಿನ್ನ ಗಂಟೇನು ಹೋಗತೈತಿ?"

"ಹೌದವಾ, ಏನೂ ಹೋಗೂದಿಲ್ಲ" ಎಂದು ಯಮನವ್ವ ಒಳಗೆ ಬಂದಳು. ಹೋಗಲಿ ಬಿಡು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡು ರೊಟ್ಟಿ ಬಡಿಯಲು ಕೂತಳು. ಸುರೇಖಾ ಒಲೆಯ ಪಕ್ಕ ಕಟ್ಟಿಗೆ ಮುಂದೂಡುತ್ತ ಕೂತಿದ್ದಳು. ಅವಳಿಗೂ ಸುದ್ದಿ ಮುಟ್ಟಿತ್ತು.

"ಅವ್ವಾ, ನಾನೂ ಹಾಲಿಗೆ ಹೋಗಬೇಕೇನು?"

"ಎಲ್ಲಾರೂ ಹೋಗ್ತಾರಲ್ಲ."

ಹುಡುಗಿ ಇನ್ನೊಂದು ಕಟ್ಟಿಗೆಯನ್ನು ಒಲೆಯೊಳಕ್ಕೆ ದೂಡಿದಳು. ಅಳಲಿಲ್ಲ, ಒಲ್ಲೆ ಎಂದು ಹಟ ಮಾಡಲಿಲ್ಲ. ಆಡನ್ನು ಎಲ್ಲಿ ಕಟ್ಟಬೇಕು ಎಂದು ಕೇಳುವ ದನಿಯಲ್ಲೇ ಹೇಳಿದಳು: "ಹಂಗಾರ ನಾ ಗ್ವಾಡಿ ಬಾಜೂಕ ಕುಂದರ್ತೇನಿ. ಚಲೋ ಕಿವಿ ಗ್ವಾಡಿ ಕಡೆ ಮಾಡಿ. ಬಡದ್ರ ಹ್ವಾದದ್ದಕ್ಕ ಬಡೀಲಿ."

ಯಮನವ್ವನ ಕೈಯಲ್ಲಿದ್ದ ರೊಟ್ಟಿ ನಡುವೆ ಹರಿಯಿತು. ಅವಳು ಅದನ್ನು ಮತ್ತೆ ಮುದ್ದೆ ಮಾಡಿ ನಾದಿದಳು, ಮತ್ತೆ ಬಡಿದಳು, ಮತ್ತೆ ಹರಿಯಿತು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಮಗಳು ಉಳಿದ ಕಿವಿಯನ್ನು ಉಳಿಸಿಕೊಳ್ಳುವ ಉಪಾಯವನ್ನು ತಾನೇ ಹುಡುಕಿಕೊಂಡಿದ್ದಾಳೆ. ಅದಕ್ಕೆ ತಾಯಿ ಬೇಕಾಗಲಿಲ್ಲ.

ಮರುದಿನ ಪಂಚಾಯ್ತಿಯ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಗಂಡಸರು ಮುಂದೆ, ಹೆಂಗಸರು ಮಕ್ಕಳು ಗೋಡೆಯ ಬದಿಗೆ. ಕಟ್ಟೆಯ ಪಾಠದ ಮಕ್ಕಳನ್ನು ಬಾಬುಗೌಡನೇ ಸಾಲಾಗಿ ಕೂರಿಸಿದ್ದ, ನೋಡಲು ಚೆನ್ನಾಗಿರುತ್ತದೆಂದು. ಸುರೇಖಾಳೂ ಹುಲಿಗೆವ್ವನ ಮಕ್ಕಳ ಜೊತೆ ಆ ಸಾಲಿನಲ್ಲೇ ಕೂತಳು. ಗುರುಸಿದ್ಧಪ್ಪ ಮಾಸ್ತರರಿಗೆ ಶಾಲು ಹೊದಿಸಿ ಖುರ್ಚಿಯಲ್ಲಿ ಕೂರಿಸಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಬಂದವರೆಲ್ಲ ಕಾಲು ಮುಟ್ಟಿ ಮುಂದೆ ಹೋಗುತ್ತಿದ್ದರು. ಯಮನವ್ವ ಬಗ್ಗಿದಾಗ ಅವರು ತಲೆಯ ಮೇಲೆ ಕೈಯಿಟ್ಟರು.

"ಏನವಾ ಮೆಂಬರ, ಮಗಳನ್ನ ಯಾಕ ಬಿಡಿಸಿದಿ? ಚೂಟಿ ಹುಡುಗಿ. ಈಗ ಕಳಸು."

"ನೋಡೂಣ್ರಿ ಮಾಸ್ತರ" ಎಂದು ಮೆಂಬರರ ಬೆಂಚಿಗೆ ಹೋಗಿ ಕೂತಳು. ತಲೆಯ ಮೇಲೆ ಆ ಕೈ ಇನ್ನೂ ಇದ್ದಂತೆಯೇ ಅನಿಸುತ್ತಿತ್ತು. ಪ್ರೀತಿಯ ಕೈ ಅದು, ಅದರಲ್ಲಿ ಅನುಮಾನವಿಲ್ಲ.

ಕಾರ್ಯದರ್ಶಿ ಎದ್ದು ಠರಾವು ಓದಿದ. ಮಾಸ್ತರರ ಸೇವೆಯ ಹೊಗಳಿಕೆ ಮುಗಿದು, "ಗ್ರಾಮದ ಯಾವ ಮನೆಯ ಮಗುವೂ ತಪ್ಪದಂತೆ ಪಾಠಕ್ಕೆ ಹಾಜರಾಗತಕ್ಕದ್ದು" ಎಂಬಲ್ಲಿಗೆ ಬಂತು. "ಅನುಮೋದಕರು, ಶ್ರೀಮತಿ ಯಮನವ್ವ ಭೀಮಪ್ಪ ಮಾದರ." ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಅವಳು ಎದ್ದು ನಿಂತಿದ್ದಳು.

"ನಂದೊಂದು ಮಾತೈತ್ರಿ."

"ಕುಂದರವಾ, ಹೊಗಳಿಕಿ ಆಮ್ಯಾಲೆ ಮಾಡೂಣು" ಎಂದ ಬಾಬುಗೌಡ.

"ಹೊಗಳಿಕಿ ಅಲ್ರಿ ಗೌಡ್ರ. ನನ್ನ ಹೆಸರು ತೆಗೀರಿ."

ಹುಲಿಗೆವ್ವ ಹಿಂದಿನಿಂದ ಕಣ್ಣು ಕೆಕ್ಕರಿಸುತ್ತಿರುವುದು ಯಮನವ್ವನಿಗೆ ನೋಡದೆಯೇ ಗೊತ್ತಾಯಿತು. ಅವಳು ಬೆಂಚು ಹಿಡಿದುಕೊಂಡಳು. ಗೌಡನ ಕಡೆ ನೋಡಿದರೆ ಮಾತು ಹೊರಡುವುದಿಲ್ಲವೆಂದು ಮಾಸ್ತರರನ್ನೇ ನೋಡಿದಳು.

"ಮಾಸ್ತರ, ನಿಮ್ಮ ಕಟ್ಟಿ ಮ್ಯಾಲೆ ನಿಂತು ನಾ ನಿಮಗ ಒಂದು ಮಾತು ಕೊಟ್ಟಿದ್ನಿ. ಅದನ್ನ ತಿರುಗಿ ಇಸಗೊಳ್ಳಾಕ ನಿಂತೀನಿ. ಕಣ್ಣೆರಡು ಬಿಟ್ಟು ಉಳಿದದ್ದೆಲ್ಲಾ ನಿಮ್ದು ಅಂದಿದ್ನಿ. ಕಿವಿ ಮರ್ತಿದ್ನಿ."

ಮಾಸ್ತರರಿಗೆ ಅರ್ಥವಾಗಲಿಲ್ಲ. ಅರ್ಥವಾದವರು ಬೇರೆ ಇದ್ದರು. "ಏ, ಹೊಳಿ ನೀರು ಹೊಕ್ಕಿತ್ತು ಅಂತ ನೀನ ಹೇಳಿದ್ಯಲ್ಲ" ಎಂದು ಗಂಡಸರ ಕಡೆಯಿಂದ ಒಬ್ಬ ಕೂಗಿದ.

"ಸುಳ್ಳು ಹೇಳಿದ್ನಿ."

"ಆಗ ಅದು ಸುಳ್ಳಾದ್ರ, ಈಗಿಂದು ಖರೆ ಅಂತ ಹೆಂಗ ನಂಬೂದು?" ಬಾಬುಗೌಡ ಎದ್ದ. ದನಿ ಇನ್ನೂ ಮೆತ್ತಗೇ ಇತ್ತು. "ತಿಂದ ಮನಿ ಜಂತಿ ಎಣಿಸಬಾರದವಾ. ನಿನ್ನ ಕೈ ಹಿಡದು ಒಳಗ ಕರ್ಕೊಂಡವ್ರು ಯಾರು? ಮರ್ತಿಯೇನು? ಮಾಸ್ತರು ಇಲ್ದಿದ್ರ ನೀ ಇವತ್ತು ಈ ಬೆಂಚಿನ ಮ್ಯಾಲೆ ಕುಂದರ್ತಿದ್ದೇನು?"

"ಇಲ್ರಿ" ಎಂದಳು ಯಮನವ್ವ. "ಕುಂದರ್ತಿರಲಿಲ್ಲ. ಅದಕ್ಕ ಒಂದು ವರ್ಸ ಬಾಯಿ ಮುಚ್ಕೊಂಡು ಕುಂತಿದ್ನಿ."

ಅಳು ಉಕ್ಕಿ ಬಂತು, ತಡೆಯಲಿಲ್ಲ. ಗಂಡಸರ ನಡುವೆ ಗದ್ದಲ ಎದ್ದಿತು. ಕೃತಘ್ನಳು ಎಂದ ಒಬ್ಬ. ಮೀಸಲು ಕೊಟ್ಟರೆ ಹೀಗೇ ಎಂದ ಇನ್ನೊಬ್ಬ. ಅಷ್ಟರಲ್ಲಿ ಮಾಸ್ತರರು ಶಾಲು ತೆಗೆದು ಖುರ್ಚಿಯ ಮೇಲಿಟ್ಟು ಎದ್ದರು. ಅವರು ಎದ್ದರೆ ಗದ್ದಲ ತಾನಾಗಿ ನಿಲ್ಲುತ್ತದೆ. ಅಲ್ಲಿದ್ದ ಅರ್ಧ ಜನ ಅವರ ಕೈಯಲ್ಲೇ ಪಳಗಿದವರು. ಅವರು ಯಾರ ಜೊತೆಗೂ ಮಾತಾಡದೆ ಮಕ್ಕಳ ಸಾಲಿನ ಹಿಂದೆ ಗೋಡೆಗುಂಟ ನಡೆದು ಬಂದು ಸುರೇಖಾಳ ಎಡಕ್ಕೆ, ಒಂದು ಮಾರು ದೂರದಲ್ಲಿ ನಿಂತರು. ಹುಡುಗಿ ಬಲಗಿವಿಯನ್ನು ಅಂಗೈಗೆ ಆನಿಸಿಕೊಂಡು, ಅಳುತ್ತಿದ್ದ ತಾಯಿಯನ್ನೇ ನೋಡುತ್ತಿದ್ದಳು.

"ಸುರೇಖಾ" ಎಂದರು ಮಾಸ್ತರರು ಸಣ್ಣ ದನಿಯಲ್ಲಿ.

ಸಾಲಿನ ತುದಿಯಲ್ಲಿದ್ದ ಹುಲಿಗೆವ್ವನ ಮಗಳು ತಿರುಗಿ ನೋಡಿದಳು. ಸುರೇಖಾ ನೋಡಲಿಲ್ಲ.

"ಸುರೇಖಾ."

ಈಗ ಇಡೀ ಸಾಲು ತಿರುಗಿತ್ತು. ಅವಳೊಬ್ಬಳು ಹಾಗೇ ಕೂತಿದ್ದಳು. ಯಮನವ್ವನಿಗೆ ಮಾಸ್ತರರ ಮುಖ ಕಾಣಿಸುತ್ತಿತ್ತು. ಅವರು ಬಾಯಿ ತೆರೆದರು, ಮೂರನೆಯ ಸಲ ಕರೆಯಲಿಲ್ಲ. ಗುರು ತಪ್ಪಾಯಿತು ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ, ಅವರಿಗೆ ಅದನ್ನು ಯಾರೂ ಕಲಿಸಿರಲೂ ಇಲ್ಲ. ಇದ್ದಕ್ಕಿದ್ದಂತೆ ಬಹಳ ವಯಸ್ಸಾದವರಂತೆ ಅವರು ಅಲ್ಲೇ ಗೋಡೆಗೆ ಆತುಕೊಂಡರು.

ಬಾಬುಗೌಡ ಸಭೆ ಕೈ ತಪ್ಪುತ್ತಿರುವುದನ್ನು ಕಂಡ. "ಆತು, ಆಗಿದ್ದು ಆಗಿಹೋತು. ಒಬ್ರ ಸಲುವಾಗಿ ಊರ ಮಕ್ಕಳ ಬಾಳೇವು ಕೆಡಸಾಕ ಬರಂಗಿಲ್ಲ. ಪಂಚಾಯ್ತಿ ಅಂದ್ರ ಹತ್ತು ಮಂದಿ ಮಾತು. ಮಾಸ್ತರು ಬೇಕು ಅನ್ನಾವ್ರು ಕೈ ಎತ್ರಿ."

ಕೈಗಳೆದ್ದವು. ಮೊದಲು ಮುಂದಿನ ಗಂಡಸರದು, ಆಮೇಲೆ ಒಂದೊಂದಾಗಿ ಹಿಂದಿನವರದು. ಶಾರದವ್ವ ಗಂಡನ ಮುಖ ನೋಡಿ ಎತ್ತಿದಳು. ಹುಲಿಗೆವ್ವನೂ ಎತ್ತಿದಳು, ಅವಳ ಕಣ್ಣು ಯಮನವ್ವನ ಮೇಲಿತ್ತು, ಮನಸ್ಸು ಪೈಪಿನ ಮೇಲಿತ್ತು. ಯಮನವ್ವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನೀರು ಹೊತ್ತವರಿಗೆ ಗೊತ್ತು ಅದರ ಭಾರ.

"ಬ್ಯಾಡ ಅನ್ನಾವ್ರು?"

ಎತ್ತಿದ ಕೈಗಳು ಇನ್ನೂ ಪೂರ್ತಿ ಇಳಿದಿರಲಿಲ್ಲ. ಯಮನವ್ವ ಒಬ್ಬಳೇ ಕೈ ಎತ್ತಿ ನಿಂತಳು. ಎಲ್ಲಿಂದಲೋ ಒಬ್ಬ ನಕ್ಕ. ಒಂದು ಕೈ, ಅದೂ ಸೆರಗು ಹಿಡಿದ ಕೈ. ಓಣಿಗೆ ನೀರು ಬರುವುದಿಲ್ಲ, ಮುಂದಿನ ಸಲ ಬೆಂಚೂ ಇಲ್ಲ, ನಾಳೆಯಿಂದ ಹೊಳೆಯ ದಾರಿಯಲ್ಲಿ ಮಾತಾಡಿಸುವವರೂ ಇರುವುದಿಲ್ಲ. ಎಲ್ಲ ಗೊತ್ತಿದ್ದೂ ಅವಳು ಕೈ ಇಳಿಸಲಿಲ್ಲ.

ಆಗ ಗೋಡೆಗೆ ಆತು ನಿಂತಿದ್ದ ಮಾಸ್ತರರು ನೆಟ್ಟಗಾದರು. ಊರಿನ ಮತದಾರರಲ್ಲಿ ಅವರೂ ಒಬ್ಬರು. ಅವರೂ ಬೇಡ ಎಂದು ತಮ್ಮ ಬಲಗೈಯನ್ನು ತಲೆಗಿಂತ ಮೇಲಕ್ಕೆ ಎತ್ತಿದರು.

ಸುರೇಖಾ ಆ ಕೈಯನ್ನು ಓರೆಗಣ್ಣಿನಲ್ಲಿ ಕಂಡಳು. ಕಂಡದ್ದೇ ತಡ, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಮೊಣಕಾಲಿನೊಳಗೆ ಮುಖ ಹುದುಗಿಸಿದಳು. ಅವಳೊಬ್ಬಳೇ ಅಲ್ಲ. ಆ ಇಡೀ ಸಾಲು, ಹುಲಿಗೆವ್ವನ ಮೂರು ಮಕ್ಕಳು, ಬಾಬುಗೌಡನ ತಮ್ಮನ ಮಗಳು, ಎಲ್ಲರೂ ಒಟ್ಟಿಗೆ ಬಗ್ಗಿದರು. ಯಾರೂ ಕೂಗಲಿಲ್ಲ. ದಿನಾ ಮಾಡಿ ರೂಢಿಯಾದ ಕೆಲಸದಂತೆ ಬಗ್ಗಿ, ಕಣ್ಣು ಮುಚ್ಚಿ, ಏಟು ಬೀಳುವುದನ್ನು ಕಾಯುತ್ತ ಕೂತರು.

ಹುಲಿಗೆವ್ವ ಎದ್ದು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ತನ್ನ ಮಕ್ಕಳ ಮುಂದೆ ಕುಕ್ಕರಿಸಿದಳು. ಕಾರ್ಯದರ್ಶಿ ಪೆನ್ನು ಹಿಡಿದು ಕೂತಿದ್ದ, ಕೈಗಳನ್ನು ಎಣಿಸಲಿಲ್ಲ.

ಮಾಸ್ತರರ ಕೈ ಮಾತ್ರ ಮೇಲೆಯೇ ಇತ್ತು. ಕೆಳಗೆ ಬಗ್ಗಿದ ತಲೆಗಳನ್ನು ನೋಡುತ್ತ ಅವರು ನಿಂತೇ ಇದ್ದರು. ಯಮನವ್ವ ಬೆಂಚು ಬಿಟ್ಟು ಅವರ ಕಡೆ ನಡೆದಳು. ಏಟು ಕಾಯುತ್ತಿದ್ದ ಆ ತಲೆಗಳ ಮೇಲೆ ಕೈ ಇಳಿಸಲು ಅವರಿಗೆ ಧೈರ್ಯ ಸಾಲುತ್ತಿಲ್ಲವೆಂದು ಅವಳಿಗೆ ಗೊತ್ತಾಗಿತ್ತು.